ಸೆರೆಯಲ್ಲಿ ತೀರಿದವರ ಸಾವು: ಕಿತ್ತೂರಿನ ಆಕರಗಳ ವಿಮರ್ಶೆ

ಇತಿಹಾಸದ ಉತ್ತರಪತ್ರಿಕೆಗಳನ್ನು ತಿದ್ದುವಾಗ ಈ ಲೇಖಕನಿಗೆ ವರ್ಷವರ್ಷವೂ ಒಂದು ಇಕ್ಕಟ್ಟು ಒದಗುತ್ತದೆ. ಕಿತ್ತೂರಿನ ರಾಣಿ ಚೆನ್ನಮ್ಮನು 1829ರ ಫೆಬ್ರುವರಿ 2ರಂದು ಬೈಲಹೊಂಗಲದ ಸೆರೆಯಲ್ಲಿ ಮರಣ ಹೊಂದಿದಳೆಂದು ಒಬ್ಬ ವಿದ್ಯಾರ್ಥಿ ಬರೆಯುತ್ತಾನೆ. ಅದೇ ತಿಂಗಳ 21ರಂದು ಎಂದು ಮತ್ತೊಬ್ಬನು ಬರೆಯುತ್ತಾನೆ. ಮೂರನೆಯವನು ತಿಥಿಯ ಗೊಡವೆಗೇ ಹೋಗದೆ, ಆಂಗ್ಲರು ರಾಣಿಯನ್ನು ಸೆರೆಯಲ್ಲಿಯೇ ಕೊಂದರೆಂದು ಬರೆದು ಬಿಡುತ್ತಾನೆ. ಮೊದಲಿನ ಇಬ್ಬರೂ ತಮ್ಮ ತಮ್ಮ ಪರವಾಗಿ ಅಚ್ಚಾದ ಪುಸ್ತಕವನ್ನು ತೋರಿಸಬಲ್ಲರು. ಮೂರನೆಯವನು ತನ್ನ ಊರಿನ ಹಿರಿಯರ ಮಾತನ್ನು ಮುಂದೊಡ್ಡುವನು. ಈ ಮೂವರಲ್ಲಿ ಯಾರಿಗೆ ಗುಣಗಳನ್ನು ಕೊಡಬೇಕು? ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಅದನ್ನು ಬಿಡಿಸಹೊರಟರೆ ಇತಿಹಾಸಶಾಸ್ತ್ರದ ಒಂದು ಮುಖ್ಯ ಸಮಸ್ಯೆಯ ಬಾಗಿಲಿಗೇ ನಾವು ಬಂದು ನಿಲ್ಲುತ್ತೇವೆ. ಸೇನಾಬಲದ ಆಳಿಕೆಯಲ್ಲಿ ರಾಜಕೀಯ ಬಂದಿಯಾಗಿ ತೀರಿದವರ ಸಾವನ್ನು ಯಾವ ಪ್ರಮಾಣದಿಂದ ನಿರ್ಣಯಿಸಬೇಕು ಎಂಬುದೇ ಆ ಸಮಸ್ಯೆ.

ಯುದ್ಧಕ್ಕೂ ಸೆರೆಮನೆಯ ಸಾವಿಗೂ ಆಕರದ ದೃಷ್ಟಿಯಿಂದ ಒಂದು ಭೇದವಿದೆ. ಯುದ್ಧವನ್ನು ಎರಡು ಪಕ್ಷಗಳೂ ಕಾಣುತ್ತವೆ. ಸೋತವರೂ ಗೆದ್ದವರೂ ತಮ್ಮ ತಮ್ಮ ಮಾತನ್ನು ಹೇಳುತ್ತಾರೆ. ಎರಡನ್ನೂ ಒರೆಗೆ ಹಚ್ಚಿ ನಾವು ಒಂದು ನಿರ್ಣಯಕ್ಕೆ ಬರಬಹುದು. ಸೆರೆಮನೆಯೊಳಗೆ ಹಾಗಿಲ್ಲ. ಅಲ್ಲಿ ಕಾವಲಿನವನೇ ಸಾಕ್ಷಿ, ಕಾವಲಿನವನೇ ಲಿಪಿಕಾರ. ಹೊರಗಿನವರಿಗೆ ದೊರೆಯುವುದು ಒಂದು ಶವ, ಒಂದು ತಿಥಿ, ಕೆಲವು ಸಲ ಅದೂ ಇಲ್ಲ. ಆದುದರಿಂದ ಇಂಥ ಸಾವಿನ ವಿಷಯದಲ್ಲಿ ಸರಕಾರದ ಕಾಗದವನ್ನು ನಂಬುವುದು ಎಷ್ಟು ಸುಲಭವೋ ಜನರ ಸಂಶಯವನ್ನು ನಂಬುವುದೂ ಅಷ್ಟೇ ಸುಲಭ. ವಿಮರ್ಶಕನು ಈ ಎರಡು ಸೌಲಭ್ಯಗಳನ್ನೂ ಬಿಡಬೇಕಾಗುತ್ತದೆ.

ಮೊದಲು ನಿರ್ವಿವಾದವಾದ ಸಂಗತಿಗಳನ್ನು ನೆನೆಯೋಣ. ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜನು 1824ರ ಸಪ್ಟೆಂಬರಿನಲ್ಲಿ ಮಕ್ಕಳಿಲ್ಲದೆ ತೀರಿಕೊಂಡನು. ಶಿವಲಿಂಗಪ್ಪನೆಂಬ ಬಾಲಕನ ದತ್ತಕವನ್ನು ಧಾರವಾಡದ ಕಲೆಕ್ಟರನಾಗಿದ್ದ ಸೇಂಟ್ ಜಾನ್ ಥ್ಯಾಕರೆಯು ಮಾನ್ಯ ಮಾಡಲಿಲ್ಲ. ಅಕ್ಟೋಬರ 23ರಂದು ಕಿತ್ತೂರ ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಥ್ಯಾಕರೆ ಹತನಾದನು. ಅವನ ಸಹಾಯಕರಾದ ಸ್ಟೀವನ್ಸನ್ ಮತ್ತು ವಾಲ್ಟರ್ ಎಲಿಯಟ್ ಎಂಬವರು ರಾಣಿಯ ಕೈಸೆರೆಯಾದರು. ಡಿಸೆಂಬರಿನ ಆರಂಭದಲ್ಲಿ ಕುಂಪಣಿಯ ದೊಡ್ಡ ಸೇನೆ ಬಂದು ಮುತ್ತಿ, 5ರಂದು ಕೋಟೆ ಬಿದ್ದಿತು. ಚೆನ್ನಮ್ಮನನ್ನೂ ಸೊಸೆ ವೀರವ್ವನನ್ನೂ ಬೈಲಹೊಂಗಲಕ್ಕೆ ಒಯ್ದು ಅಲ್ಲಿಯ ಕೋಟೆಯಲ್ಲಿ ಇರಿಸಿದರು. ನಾಲ್ಕು ವರ್ಷ ಮೀರಿದ ಸೆರೆಯ ಬಳಿಕ 1829ರ ಫೆಬ್ರುವರಿಯಲ್ಲಿ ಚೆನ್ನಮ್ಮನು ಅಲ್ಲಿಯೇ ದೇಹವಿಟ್ಟಳು. ಆಕೆಯ ಸಮಾಧಿ ಬೈಲಹೊಂಗಲದಲ್ಲಿದೆ.

ಈ ಕಥನದೊಳಗೆ ನಮ್ಮ ಲಕ್ಷ್ಯಕ್ಕೆ ಬಾರದೆ ಹೋಗುವ ಒಂದು ಸಮಾನಾಂತರವಿದೆ. ಕಿತ್ತೂರೂ ಬಂದಿಗಳನ್ನು ಇಟ್ಟುಕೊಂಡಿತ್ತು. ಆ ಇಬ್ಬರು ಆಂಗ್ಲರು ಕೋಟೆ ಬೀಳುವುದಕ್ಕೆ ಮೊದಲೇ ಜೀವಸಹಿತ ಬಿಡುಗಡೆ ಹೊಂದಿದರು. ಅವರಲ್ಲೊಬ್ಬನಾದ ಎಲಿಯಟ್ಟನು ಮುಂದೆ ದಕ್ಷಿಣ ಮರಾಠಾ ಪ್ರಾಂತದ ಶಾಸನಗಳ ನೂರಾರು ಪ್ರತಿಗಳನ್ನು ಸಂಗ್ರಹಿಸಿ ಕನ್ನಡ ಶಾಸನಾಭ್ಯಾಸಕ್ಕೆ ಅಡಿಗಲ್ಲನ್ನಿಟ್ಟವರ ಸಾಲಿಗೆ ಸೇರಿದನು. ಕಿತ್ತೂರಿನ ಬಂದಿ ಬದುಕಿ ಬಂದು ಇತಿಹಾಸಕಾರನಾದನು. ಕುಂಪಣಿಯ ಬಂದಿಯಾದ ರಾಣಿಯ ಒಂದು ಮಾತೂ ಬೈಲಹೊಂಗಲದ ಗೋಡೆಯನ್ನು ದಾಟಿ ನಮ್ಮವರೆಗೆ ಬರಲಿಲ್ಲ. ಯಾರು ಬದುಕಿ ಬರುತ್ತಾರೋ ಅವರ ಕೈಯಲ್ಲಿ ಲೇಖನಿ ಉಳಿಯುತ್ತದೆ. ಆಕರಗಳು ಒಂದೇ ಮಗ್ಗುಲಿಗೆ ವಾಲಿರುವುದಕ್ಕೆ ಇದಕ್ಕಿಂತ ಸರಳವಾದ ಕಾರಣ ಬೇಕಿಲ್ಲ.

ಈಗ ಎರಡು ತಿಥಿಗಳ ಪ್ರಶ್ನೆ. 21ರ ಕೊನೆಯ ಅಂಕೆ ಅಚ್ಚಿನಲ್ಲಿ ಉದುರಿ 2 ಆಗಬಹುದು. 2ರ ಮುಂದೆ ಒಂದು ಗೀಟು ಸೇರಿ 21 ಆಗಬಹುದು. ಇದು ಊಹೆಯಷ್ಟೇ. ಒಂದು ಪುಸ್ತಕದಿಂದ ಮತ್ತೊಂದಕ್ಕೆ ತಿಥಿಯನ್ನು ಎತ್ತಿಕೊಳ್ಳುತ್ತ ಬಂದುದರಿಂದ ಎರಡೂ ಪಾಠಗಳು ಬೆಳೆದು ನಿಂತಿವೆ. ಆದರೆ ನಾವು ಕೇಳಬೇಕಾದ ಪ್ರಶ್ನೆ ಬೇರೆ. ಥ್ಯಾಕರೆ ಸತ್ತ ದಿನದ ಬಗೆಗೆ ಏಕೆ ಎರಡು ಪಾಠಗಳಿಲ್ಲ? ಏಕೆಂದರೆ ಅವನ ಸಾವಿನ ಲೆಕ್ಕವನ್ನು ಅವನ ಸರಕಾರವು ಕೇಳಿತು, ಪಡೆಯಿತು, ಅಚ್ಚು ಹಾಕಿಸಿತು. ರಾಣಿಯ ಸಾವಿನ ಲೆಕ್ಕವನ್ನು ಕೇಳುವ ಅಧಿಕಾರವುಳ್ಳವರು ಯಾರೂ ಹೊರಗಿರಲಿಲ್ಲ. ಆಕೆಯ ಸಂಸ್ಥಾನವೇ ಅಳಿದಿತ್ತು. ತಿಥಿಯಲ್ಲಿಯ ಗೊಂದಲವು ಕೊಲೆಯ ಗುರುತಲ್ಲ. ಅದು ಅಲಕ್ಷ್ಯದ ಗುರುತು. ಈ ಎರಡನ್ನೂ ಒಂದು ಮಾಡುವುದು ನಮ್ಮ ಮೂರನೆಯ ವಿದ್ಯಾರ್ಥಿಯ ತಪ್ಪು. ಅಲಕ್ಷ್ಯವನ್ನು ತಪ್ಪೇ ಅಲ್ಲವೆಂದು ಬಿಡುವುದು ಅವನನ್ನು ತಿದ್ದುವ ಅಧ್ಯಾಪಕನ ತಪ್ಪು.

ಆ ಕಾಲದಲ್ಲಿ ಬಂದಿಗಳ ಆರೋಗ್ಯದ ಲೆಕ್ಕವನ್ನು ಯಾರು ಇಡುತ್ತಿದ್ದರು, ಇಂದಿನ ಅಳತೆಗೋಲಿನಿಂದ ಅಂದಿನವರನ್ನು ಅಳೆಯಬಾರದು ಎಂದು ಕೆಲವರು ಹೇಳಬಹುದು. ಈ ಆಕ್ಷೇಪ ನಿಲ್ಲುವಂತಹದಲ್ಲ. ಕುಂಪಣಿ ಸರಕಾರವು 1818ರಲ್ಲಿ ಬಂಗಾಲ ಇಲಾಖೆಗಾಗಿ ಮಾಡಿದ 3ನೆಯ ರೆಗ್ಯುಲೇಷನ್ನು ವಿಚಾರಣೆಯಿಲ್ಲದೆ ರಾಜಕೀಯ ಬಂದಿಗಳನ್ನು ಇರಿಸಿಕೊಳ್ಳಲು ಅಧಿಕಾರ ಕೊಟ್ಟಿತು. ಅದೇ ಶಾಸನವು, ಬಂದಿಯನ್ನು ವಶದಲ್ಲಿಟ್ಟುಕೊಂಡ ಅಧಿಕಾರಿಯು ವರ್ಷಕ್ಕೆ ಎರಡು ಸಲ, ಜನವರಿ 1 ಮತ್ತು ಜುಲೈ 1ರಂದು, ಬಂದಿಯ ನಡತೆ, ಆರೋಗ್ಯ, ಅನುಕೂಲಗಳ ಬಗೆಗೆ ವರದಿ ಕಳಿಸಬೇಕೆಂದೂ ವಿಧಿಸಿತು. ಮುಂಬಯಿ ಇಲಾಖೆಗೆ ಈ ಬಗೆಯ ಕಾನೂನು, ಅಂದರೆ 25ನೆಯ ರೆಗ್ಯುಲೇಷನ್, ಬಂದದ್ದು 1827ರಲ್ಲಿ. ಅಷ್ಟರಲ್ಲಿ ಚೆನ್ನಮ್ಮನು ಸೆರೆಯಾಗಿ ಎರಡು ವರ್ಷಗಳ ಮೇಲಾಗಿತ್ತು. ಹೀಗೆ ಬಂದಿಯ ದೇಹಕ್ಕೆ ಸೆರೆಯಿಟ್ಟವನೇ ಹೊಣೆಗಾರನೆಂಬ ತತ್ತ್ವವು ನಮ್ಮ ಕಾಲದ ಹೊಸ ಮಾತಲ್ಲ. ಅದನ್ನು ಕುಂಪಣಿಯೇ ತನ್ನ ಕೈಯಾರೆ ಬರೆದು ಒಪ್ಪಿಕೊಂಡಿತ್ತು. ಅದರದೇ ಅಳತೆಗೋಲಿನಿಂದ ಅದನ್ನು ಅಳೆಯುವುದು ಅನ್ಯಾಯವಾಗದು.

ಸರಕಾರಿ ಕಾಗದಕ್ಕೆ ಎದುರಾಗಿ ನಮ್ಮಲ್ಲಿರುವ ಆಕರವೆಂದರೆ ಲಾವಣಿ. ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಸಂಗ್ರಹಿಸಿ ಅಚ್ಚಿಗೆ ಕೊಟ್ಟವನು ಜಾನ್ ಫೇತ್‌ಫುಲ್ ಫ್ಲೀಟ್. ಅವನು ಮುಂಬಯಿ ಸರಕಾರದ ಅಧಿಕಾರಿ. ಯಾರ ವಿರುದ್ಧ ಹಾಡು ಹುಟ್ಟಿತೋ ಅವರ ನೌಕರನೇ ಅದನ್ನು ಉಳಿಸಿದ್ದು ವಿಚಿತ್ರವಾದರೂ ಸತ್ಯ. ಲಾವಣಿಯ ಬೆಲೆಯನ್ನು ತಿಳಿಯಬೇಕಾದರೆ ಅದರ ಧರ್ಮವನ್ನು ತಿಳಿಯಬೇಕು. ದಪ್ಪು ತುಂತುಣಿಗಳೊಡನೆ ಊರ ಚಾವಡಿಯ ಮುಂದೆ ಹಾಡುವ ಕವಿಗೆ ತಿಥಿವಾರಗಳು ಮುಖ್ಯವಲ್ಲ. ಯಾರು ನಂಬಿಕೆಯಿಟ್ಟರು, ಯಾರು ಕೈಕೊಟ್ಟರು ಎಂಬುದು ಮುಖ್ಯ. ಆದುದರಿಂದ ದ್ರೋಹದ ವಿಷಯದಲ್ಲಿ ಲಾವಣಿ ಬಾಯಿ ಬಿಡುತ್ತದೆ; ಸೆರೆಯೊಳಗಿನ ದಿನಗಳ ವಿಷಯದಲ್ಲಿ ಅದಕ್ಕೂ ಹೇಳಲು ಹೆಚ್ಚಿಲ್ಲ, ಏಕೆಂದರೆ ಹಾಡಿನವನನ್ನೂ ಕಾವಲಿನವನು ಒಳಗೆ ಬಿಡಲಿಲ್ಲ. ಜನರು ರಾಣಿಯ ಸಾವನ್ನು ಅನ್ಯಾಯವೆಂದು ಭಾವಿಸಿದರೆಂಬುದಕ್ಕೆ ಇಂಥ ಪರಂಪರೆ ಪ್ರಮಾಣವಾಗಬಲ್ಲದು. ಆಕೆ ಯಾವ ರೋಗದಿಂದ, ಯಾವ ಕಾರಣದಿಂದ ಸತ್ತಳೆಂಬುದಕ್ಕೆ ಪ್ರಮಾಣವಾಗಲಾರದು. ನಾಟಕಗಳಿಗೂ, 1961ರಲ್ಲಿ ಬಿ. ಆರ್. ಪಂತುಲು ಅವರು ತೆರೆಗೆ ತಂದ ಚಿತ್ರಕ್ಕೂ ಇದೇ ಮಾತು ಸಲ್ಲುತ್ತದೆ. ಅವು ಆಯಾ ಕಾಲದ ಭಾವನೆಗೆ ಆಕರಗಳು, 1829ರ ಸಂಗತಿಗೆ ಅಲ್ಲ.

ಚೆನ್ನಮ್ಮನ ಪತಿ ಮಲ್ಲಸರ್ಜನ ಅಂತ್ಯವು ಇದೇ ಸಮಸ್ಯೆಯ ಮತ್ತೊಂದು ಮುಖವನ್ನು ತೋರಿಸುತ್ತದೆ. ಅವನನ್ನು ಸೆರೆಹಿಡಿದವನು ಆಂಗ್ಲನಲ್ಲ. ಪೇಶ್ವೆ ಎರಡನೆಯ ಬಾಜೀರಾಯ. ಪುಣೆಯ ಸೆರೆಯಲ್ಲಿ ದೇಸಾಯಿಯ ದೇಹಸ್ಥಿತಿ ಕೆಟ್ಟಿತು, ಬಿಡುಗಡೆಯಾಯಿತು, ಆದರೆ ಅವನು ಚೇತರಿಸಿಕೊಳ್ಳಲಿಲ್ಲ, 1816ರಲ್ಲಿ ತೀರಿದನು. ಹೀಗೆ ಸತ್ತವನನ್ನು ಬಂದಿಯೆನ್ನಬೇಕೆ, ಬಿಡುಗಡೆ ಹೊಂದಿದವನೆನ್ನಬೇಕೆ? ಕಾಗದದ ಮೇಲೆ ಅವನು ಸ್ವತಂತ್ರ. ದೇಹದಲ್ಲಿ ಸೆರೆಯೇ ಮುಂದುವರಿದಿತ್ತು. ಸಾಯುವ ಬಂದಿಯನ್ನು ಹೊಸ್ತಿಲ ಹೊರಗೆ ಇರಿಸಿದರೆ ಸಾವು ಸೆರೆಮನೆಯ ಲೆಕ್ಕಕ್ಕೆ ಬೀಳುವುದಿಲ್ಲ ಎಂಬ ಉಪಾಯವು ಎಲ್ಲ ಕಾಲದ ಅಧಿಕಾರಕ್ಕೂ ತಿಳಿದಿದೆ. ಬಾಜೀರಾಯನ ಮನಸ್ಸಿನಲ್ಲಿ ಅದೇ ಇತ್ತೆಂದು ನಾವು ಹೇಳಲಾರೆವು. ಅದರ ಫಲ ಮಾತ್ರ ಅದೇ ಆಯಿತು: ಮಲ್ಲಸರ್ಜನ ಸಾವಿನ ಹೊಣೆ ಯಾರ ಮೇಲೂ ನಿಲ್ಲಲಿಲ್ಲ.

ಇದನ್ನು ಓದುವಾಗ ಕನ್ನಡಿಗರಿಗೆ ಸಮೀಪದ ಇನ್ನೊಂದು ಸಾವು ನೆನಪಿಗೆ ಬರದಿರದು. ತುರ್ತುಪರಿಸ್ಥಿತಿಯು ಸೇನೆಯ ಆಳಿಕೆಯಾಗಿರಲಿಲ್ಲ. ಆದರೂ ವಿಚಾರಣೆಯಿಲ್ಲದ ಸೆರೆ ಅದರ ಮುಖ್ಯ ಸಾಧನವಾಗಿತ್ತು. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರನ್ನು 1976ರ ಮೇ ತಿಂಗಳಿನಲ್ಲಿ ಬಂಧಿಸಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಇರಿಸಲಾಯಿತು. ಅವರಿಗೆ ಉಬ್ಬಸದ ಬೇನೆ ಇತ್ತು. ಎಂಟು ತಿಂಗಳ ಸೆರೆಯಲ್ಲಿ ಅದು ಉಲ್ಬಣಿಸಿತು. 1977ರ ಜನವರಿ 15ರಂದು ಪೆರೋಲಿನ ಮೇಲೆ ಬಿಟ್ಟರು. 20ರಂದು ಅವರು ತೀರಿಕೊಂಡರು. ನಡುವೆ ಐದೇ ದಿನಗಳು. ಮಲ್ಲಸರ್ಜನಿಗೂ ಅವರಿಗೂ ನೂರಾ ಅರುವತ್ತು ವರ್ಷಗಳ ಅಂತರವಿದ್ದರೂ ಹೊಸ್ತಿಲ ಹೊರಗಣ ಸಾವಿನ ರೀತಿ ಒಂದೇ. ಒಂದು ವ್ಯತ್ಯಾಸ ಮಾತ್ರ ಮಹತ್ತ್ವದ್ದು. ಸ್ನೇಹಲತಾ ಅವರು ಸೆರೆಯಲ್ಲಿ ದಿನಚರಿ ಬರೆದರು. ಅದು ಅವರ ಮರಣಾನಂತರ ಪ್ರಕಟವಾಯಿತು. ಕಾವಲಿನವನ ಮಾತಿಗೆ ಎದುರಾಗಿ ಬಂದಿಯ ಮಾತು ನಿಂತಿತು. ಬೈಲಹೊಂಗಲದಲ್ಲಿ ಇಲ್ಲದೆ ಹೋದದ್ದು ಇದೇ.

ರಾಯಣ್ಣನ ಸಾವಿನಲ್ಲಿ ವಿವಾದಕ್ಕೆ ಎಡೆಯಿಲ್ಲವೆಂದು ಮೇಲುನೋಟಕ್ಕೆ ಅನಿಸುತ್ತದೆ. 1830ರ ಜನವರಿಯಲ್ಲಿ ಖಾನಾಪುರ ತಾಲೂಕಿನ ಬೀಡಿಯ ಕಚೇರಿಯನ್ನು ಸುಟ್ಟು ದಂಗೆಯನ್ನೆಬ್ಬಿಸಿದ ಅವನು ಏಪ್ರಿಲಿನಲ್ಲಿ ಮೋಸದಿಂದ ಹಿಡಿಯಲ್ಪಟ್ಟನು. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಬಹಿರಂಗವಾಗಿ ಗಲ್ಲಿಗೇರಿಸಿದರು. ಸರಕಾರವು ಈ ಸಾವನ್ನು ಮರೆಮಾಚಲಿಲ್ಲ. ಜನರು ಕಾಣಲೆಂದೇ ಅದನ್ನು ನಡೆಸಿತು. ಇಲ್ಲಿ ವಿವಾದವಿರುವುದು ಸಾವಿನ ಬಗೆಗಲ್ಲ, ಸತ್ತವನ ಹೆಸರಿನ ಬಗೆಗೆ. ರಾಣಿಯು ರಾಜಕೀಯ ಬಂದಿ. ಅದೇ ಧ್ಯೇಯಕ್ಕಾಗಿ, ಅದೇ ಬಾಲಕನನ್ನು ಗಾದಿಗೆ ತರುವುದಕ್ಕಾಗಿ ಹೋರಾಡಿದ ರಾಯಣ್ಣನು ಸರಕಾರದ ಭಾಷೆಯಲ್ಲಿ ದಂಗೆಕೋರ, ದರೋಡೆಗಾರ. ಒಡತಿಗೆ ಕೋಟೆಯ ಸೆರೆ, ಊರ ಚಾಕರಿಯ ಸನದಿಯವನಿಗೆ ಹಗ್ಗ. ಅವನೊಡನೆ ಪ್ರಾಣತೆತ್ತ ಸಂಗಡಿಗರ ಹೆಸರುಗಳಂತೂ ನಮ್ಮ ಪಠ್ಯಪುಸ್ತಕಗಳಿಗೆ ಇನ್ನೂ ಬಂದಿಲ್ಲ. ರಾಜಕೀಯ ಬಂದಿ ಯಾರು ಎಂಬುದನ್ನು ಸೆರೆಯಿಡುವವನ ನಿಘಂಟಿನಿಂದ ನಿರ್ಣಯಿಸಿದರೆ ನಾವು ರಾಣಿಯನ್ನು ಉಳಿಸಿಕೊಂಡು ರಾಯಣ್ಣನನ್ನು ಕಳೆದುಕೊಳ್ಳುತ್ತೇವೆ. ನಂದಗಡದ ಜನರು ಈ ನಿಘಂಟನ್ನು ಒಪ್ಪಲಿಲ್ಲ. ಅವನ ಸಮಾಧಿಯ ಬಳಿಯ ಆಲದ ಮರಕ್ಕೆ ಮಕ್ಕಳ ಹರಕೆ ಹೊತ್ತವರು ಇಂದಿಗೂ ತೊಟ್ಟಿಲು ಕಟ್ಟುತ್ತಾರೆ. ದರೋಡೆಗಾರನ ಗೋರಿಗೆ ಯಾರೂ ತೊಟ್ಟಿಲು ಕಟ್ಟುವುದಿಲ್ಲ.

ಇಲ್ಲಿಯವರೆಗಿನ ವಾದವನ್ನು ನಮ್ಮ ಅಭಿಮಾನಕ್ಕೆ ಹಿತವಾಗಿರುವ ದಿಕ್ಕಿನಲ್ಲಿಯೇ ನಡೆಯಿಸಿದ್ದಾಯಿತು. ಅದೇ ನ್ಯಾಯವನ್ನು ಅಹಿತವಾದ ದಿಕ್ಕಿಗೂ ತಿರುಗಿಸದಿದ್ದರೆ ಅದು ವಿಮರ್ಶೆಯೆನಿಸದು. ಬಿದನೂರಿನಲ್ಲಿ 1783ರಲ್ಲಿ ಟಿಪ್ಪು ಸುಲ್ತಾನನಿಗೆ ಶರಣಾದ ಕುಂಪಣಿಯ ಸೇನಾನಿ ರಿಚರ್ಡ್ ಮ್ಯಾಥ್ಯೂಸನು ಅದೇ ವರ್ಷ ಶ್ರೀರಂಗಪಟ್ಟಣದ ಸೆರೆಯಲ್ಲಿ ಸತ್ತನು. ಅವನಿಗೆ ವಿಷ ಹಾಕಿಸಿದರೆಂದು ಆಂಗ್ಲ ಲೇಖಕರು ಹೇಳಿದರು. ಹೈದರನ ಕೈಗೊಂಬೆಯಾಗಿದ್ದ ಮೈಸೂರಿನ ಅರಸು ನಂಜರಾಜ ಒಡೆಯನು 1770ರಲ್ಲಿ ಸತ್ತಾಗ, ಹೈದರನೇ ಅವನ ಕೊರಳು ಹಿಸುಕಿಸಿದನೆಂದು ಕರ್ನಲ್ ಮಾರ್ಕ್ ವಿಲ್ಕ್ಸನು ಬರೆದನು. ಈ ಎರಡು ಆರೋಪಗಳನ್ನು ಕೇಳಿದೊಡನೆ ನಮ್ಮಲ್ಲಿ ಹಲವರು, ಇದು ಶತ್ರುವಿನ ಮಾತು, ನಂಬತಕ್ಕದ್ದಲ್ಲ ಎನ್ನುತ್ತೇವೆ. ಬೈಲಹೊಂಗಲದ ವಿಷಯಕ್ಕೆ ಬಂದಾಗ, ಇದು ನಮ್ಮ ಜನರ ಮಾತು, ಸಂಶಯಿಸತಕ್ಕದ್ದಲ್ಲ ಎನ್ನುತ್ತೇವೆ. ಈ ಎರಡು ತೂಕದ ಬಟ್ಟುಗಳಲ್ಲಿ ಒಂದನ್ನು ಬಿಡಲೇಬೇಕು. ಮ್ಯಾಥ್ಯೂಸನ ವಿಷದ ಕಥೆಗೆ ಯಾವ ಮಟ್ಟದ ಸಾಕ್ಷ್ಯವನ್ನು ಕೇಳುತ್ತೇವೆಯೋ ಚೆನ್ನಮ್ಮನ ಕೊಲೆಯ ಕಥೆಗೂ ಅದನ್ನೇ ಕೇಳಬೇಕು. ಚೆನ್ನಮ್ಮನ ಸಾವಿಗೆ ಕುಂಪಣಿಯಿಂದ ಯಾವ ಲೆಕ್ಕವನ್ನು ಬೇಡುತ್ತೇವೆಯೋ ನಂಜರಾಜನ ಸಾವಿಗೆ ಹೈದರನಿಂದಲೂ ಅದನ್ನೇ ಬೇಡಬೇಕು.

ಹಾಗಾದರೆ ಇಂಥ ಸಾವುಗಳು ಎಂದೆಂದಿಗೂ ಅನಿರ್ಣೀತವಾಗಿಯೇ ಉಳಿಯಬೇಕೇ? ಹಾಗೇನೂ ಇಲ್ಲವೆಂಬುದಕ್ಕೆ ಹೊರದೇಶದ ಒಂದು ಉದಾಹರಣೆ ಸಾಕು. ಬ್ರೆಜಿಲ್ ದೇಶವು ಸೇನೆಯ ಆಳಿಕೆಯಲ್ಲಿದ್ದಾಗ, 1975ರ ಅಕ್ಟೋಬರ 25ರಂದು, ವ್ಲಾದಿಮಿರ್ ಹೆರ್ಜೋಗ್ ಎಂಬ ಪತ್ರಕರ್ತನು ಕರೆಬಂದ ಮೇರೆಗೆ ಸಾವೊಪಾವ್ಲೊ ನಗರದ ಸೇನಾ ವಿಚಾರಣಾ ಕೇಂದ್ರಕ್ಕೆ ತಾನಾಗಿಯೇ ಹೋದನು. ಅಂದೇ ಅವನು ಅಲ್ಲಿ ಸತ್ತನು. ನೇಣು ಹಾಕಿಕೊಂಡನೆಂದು ಸೇನೆಯವರು ಹೇಳಿ, ಚಿತ್ರವನ್ನೂ ತೋರಿಸಿದರು. ಆ ಚಿತ್ರದಲ್ಲಿ ನೇಣಿನಲ್ಲಿದ್ದವನ ಕಾಲುಗಳು ನೆಲಕ್ಕೆ ತಾಗಿ ಮಡಚಿದ್ದವು. ಯಹೂದ್ಯರಲ್ಲಿ ಆತ್ಮಹತ್ಯೆ ಮಾಡಿಕೊಂಡವರನ್ನು ಬೇರೆಡೆ ಹೂಳುವ ಪದ್ಧತಿಯುಂಟು. ಅವರ ಧರ್ಮಗುರುವು ಹೆರ್ಜೋಗನನ್ನು ಅಲ್ಲಿ ಹೂಳಲು ಒಪ್ಪಲಿಲ್ಲ. ಅವನ ಕುಟುಂಬದವರು ಹೂಡಿದ ದಾವೆಯಲ್ಲಿ 1978ರಲ್ಲಿಯೇ, ಸೇನೆಯು ಇನ್ನೂ ಅಧಿಕಾರದಲ್ಲಿದ್ದಾಗಲೇ, ನ್ಯಾಯಾಲಯವು ಸರಕಾರವನ್ನು ಹೊಣೆಗಾರನೆಂದು ಸಾರಿತು. 2013ರಲ್ಲಿ ಮರಣಪತ್ರವನ್ನೇ ತಿದ್ದಿ, ಸೇನಾ ಕೇಂದ್ರದಲ್ಲಿ ಆದ ಹಿಂಸೆಯಿಂದ ಸಾವು ಸಂಭವಿಸಿತೆಂದು ಬರೆಯಲಾಯಿತು. ಮೂವತ್ತೆಂಟು ವರ್ಷಗಳ ಬಳಿಕ ಒಂದು ಕಾಗದ ಸತ್ಯವನ್ನು ನುಡಿಯಿತು.

ಈ ಪ್ರಕರಣವು ಇತಿಹಾಸಾಭ್ಯಾಸಿಗೆ ಕಲಿಸುವುದೇನು? ಹೆರ್ಜೋಗನ ವಿಷಯದಲ್ಲಿ ಗೆದ್ದದ್ದು ಕೇವಲ ಸಂಶಯವಲ್ಲ. ದೇಹವನ್ನು ನೋಡಿದವರು ಇದ್ದರು, ಚಿತ್ರವನ್ನು ಬಿಡಿಸಿ ನೋಡಿದವರು ಇದ್ದರು, ಕೇಳುವ ಕುಟುಂಬವಿತ್ತು, ಕೇಳಿಸಿಕೊಳ್ಳುವ ಒಬ್ಬ ನ್ಯಾಯಾಧೀಶನಿದ್ದನು. ಇವುಗಳಲ್ಲಿ ಒಂದೂ ಬೈಲಹೊಂಗಲದಲ್ಲಿರಲಿಲ್ಲ. ಆದುದರಿಂದ ಅಲ್ಲಿ ಕೊಲೆಯಾಯಿತೆಂದು ಹೇಳಲು ಆಧಾರವಿಲ್ಲ. ಆದರೆ ನಾಲ್ಕು ವರ್ಷಗಳ ಕಾಲ ಒಬ್ಬ ರಾಣಿಯನ್ನು ಯಾವ ನ್ಯಾಯಾಲಯದ ಮುಂದೆಯೂ ನಿಲ್ಲಿಸದೆ ಕೂಡಿಹಾಕಿ, ಆಕೆ ಹೊರಗೆ ಬಾರದೆಯೇ ಸಾಯುವಂತಾದದ್ದಕ್ಕೆ ಹೊಣೆ ಯಾರೆಂದು ಹೇಳಲು ಬೇರೆ ಆಧಾರ ಬೇಕಿಲ್ಲ. ಕೊಲೆಯೆಂಬುದು ಒಂದು ಕೃತ್ಯ. ಅದನ್ನು ಸಿದ್ಧಪಡಿಸುವ ಭಾರ ಆರೋಪಿಸುವವನ ಮೇಲಿದೆ. ಹೊಣೆಯೆಂಬುದು ಒಂದು ಸ್ಥಿತಿ; ಬೀಗದ ಕೈ ಯಾರ ಸೊಂಟದಲ್ಲಿದೆಯೋ ಅವನ ಮೇಲೆ ಅದು ತಾನಾಗಿಯೇ ಇರುತ್ತದೆ. ಕಿತ್ತೂರಿನ ಇತಿಹಾಸವನ್ನು ಬರೆದವರಲ್ಲಿ ಅನೇಕರು ಮೊದಲನೆಯದನ್ನು ಸಿದ್ಧಪಡಿಸಲಾರದೆ, ಎರಡನೆಯದನ್ನೂ ಕೈಬಿಟ್ಟಿದ್ದಾರೆ.

ಈ ಭೇದವು ಹಳೆಯ ಕಾಗದಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ನಮ್ಮ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 1993ರಲ್ಲಿ, ವಶದಲ್ಲಿದ್ದಾಗ ಆದ ಸಾವನ್ನು 24 ಗಂಟೆಗಳೊಳಗೆ ತನಗೆ ತಿಳಿಸಬೇಕೆಂದು ಸೂಚಿಸಿತು. 2005ರಲ್ಲಿ ತಿದ್ದಲಾದ ಕಾನೂನು ಇಂಥ ಸಾವಿಗೆ ನ್ಯಾಯಿಕ ಮ್ಯಾಜಿಸ್ಟ್ರೇಟರ ವಿಚಾರಣೆಯನ್ನು ವಿಧಿಸಿತು. ಕಾವಲಿನವನನ್ನು ಏಕಮಾತ್ರ ಲಿಪಿಕಾರನಾಗಿ ಬಿಡಬಾರದೆಂಬುದೇ ಈ ನಿಯಮಗಳ ತಿರುಳು. ಅವು ಎಷ್ಟರಮಟ್ಟಿಗೆ ಪಾಲಿಸಲ್ಪಡುತ್ತವೆಂಬುದು ಮುಂದಿನ ಇತಿಹಾಸಕಾರನು ನಮ್ಮ ಕಾಲಕ್ಕೆ ಹಾಕುವ ಪ್ರಶ್ನೆಯಾಗುವುದು.

ಬೆಳಗಾವಿಯ ಮಹಾಂತೇಶ ನಗರದಲ್ಲಿ ಕುಳಿತು ಇದನ್ನು ಬರೆಯುತ್ತಿರುವ ಲೇಖಕನಿಗೆ ಬೈಲಹೊಂಗಲವೂ ನಂದಗಡವೂ ಒಂದೊಂದು ಹೊತ್ತಿನ ದಾರಿ. ರಾಣಿಯ ಹೆಸರಿನ ವಿಶ್ವವಿದ್ಯಾಲಯ ಈ ಜಿಲ್ಲೆಯಲ್ಲಿದೆ. 2007ರಿಂದ ಆಕೆಯ ಪ್ರತಿಮೆ ಸಂಸತ್ತಿನ ಆವರಣದಲ್ಲಿದೆ. 2024ರಲ್ಲಿ ಕಿತ್ತೂರಿನ ವಿಜಯಕ್ಕೆ ಇನ್ನೂರು ವರ್ಷ ತುಂಬಿದ್ದನ್ನು ವಿಜೃಂಭಣೆಯಿಂದ ಆಚರಿಸಿದ್ದೂ ಆಯಿತು. ಅಕ್ಟೋಬರ 23 ನಮಗೆಲ್ಲರಿಗೂ ಕಂಠಪಾಠವಾಗಿದೆ. ಗೆದ್ದ ದಿನವನ್ನು ನೆನೆಯುವುದು ಸುಲಭ. 2029ರ ಫೆಬ್ರುವರಿಯಲ್ಲಿ ಆಕೆ ಸೆರೆಯಲ್ಲಿ ತೀರಿ ಇನ್ನೂರು ವರ್ಷಗಳಾಗುವವು. ಅಷ್ಟರೊಳಗೆ ಮುಂಬಯಿಯ ಸರಕಾರಿ ದಫ್ತರಗಳಲ್ಲಿಯ ಕಾಗದಗಳನ್ನು ಇದೊಂದೇ ಪ್ರಶ್ನೆಯನ್ನಿಟ್ಟುಕೊಂಡು ಕ್ರಮವಾಗಿ ಓದುವ ಒಬ್ಬ ಸಂಶೋಧಕ ವಿದ್ಯಾರ್ಥಿ ನಮ್ಮ ಕಾಲೇಜುಗಳಿಂದ ಹೊರಡಬೇಕು. ಸೆರೆಯಾಳಿನ ಖರ್ಚು, ಕಾವಲುಗಾರರ ಬದಲಾವಣೆ, ವೈದ್ಯನ ಕರೆ, ಅಂತ್ಯಕ್ರಿಯೆಯ ವೆಚ್ಚ ಮುಂತಾದ ನೀರಸವಾದ ನಮೂದುಗಳಲ್ಲಿಯೇ ಇಂಥ ಸಾವುಗಳ ಸತ್ಯ ಅಡಗಿರುವುದು ಹೆಚ್ಚು.

ಮೊದಲಿನ ಪ್ರಶ್ನೆಗೆ ಮರಳೋಣ. ಮೂವರು ವಿದ್ಯಾರ್ಥಿಗಳಲ್ಲಿ ಯಾರಿಗೂ ಈ ಲೇಖಕನು ಪೂರ್ಣ ಗುಣಗಳನ್ನು ಕೊಡಲಾರ. ಮೊದಲಿನ ಇಬ್ಬರ ಉತ್ತರದ ಪಕ್ಕಕ್ಕೆ ‘ಈ ತಿಥಿಗೆ ಆಕರ ಯಾವುದು?’ ಎಂದು ಬರೆಯುವೆನು. ಮೂರನೆಯವನ ಉತ್ತರದ ಪಕ್ಕಕ್ಕೆ ‘ಕೊಂದರೆಂಬುದನ್ನು ತೋರಿಸು, ಇಲ್ಲವೇ ಹೊಣೆ ಅವರದೆಂದು ಬರೆ’ ಎಂದು ಬರೆಯುವೆನು. ಈ ಎರಡನೆಯ ವಾಕ್ಯವನ್ನು ಬರೆಯಲು ಆ ಹುಡುಗನಿಗೆ ಯಾವ ದಫ್ತರದ ಅಪ್ಪಣೆಯೂ ಬೇಕಾಗಿಲ್ಲ.